ಕೈಯಲ್ಲಿರುವ ಒಂದು ಎಂದರೆ ಎಷ್ಟು? – ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಬಾರಿ ಕೊಡಗಿನಿಂದ ಬಂದ ಪತ್ರಗಳಲ್ಲಿ ನಾಲ್ಕು ಒಂದೇ ವಿಷಯವನ್ನು ಕುರಿತವು. ಎರಡು, ಮೂರನೆಯ ತರಗತಿಯ ಮಕ್ಕಳಿಗೆ ದಶಕ ಸಹಿತ ಸಂಕಲನವನ್ನು, ಅಂದರೆ ಬಿಡಿಗಳ ಮೊತ್ತ ಹತ್ತನ್ನು ಮುಟ್ಟಿದಾಗ ಅಥವಾ ದಾಟಿದಾಗ ಒಂದು ಹತ್ತನ್ನು ಪಕ್ಕದ ಸ್ಥಾನಕ್ಕೆ ಸೇರಿಸುವ ಲೆಕ್ಕವನ್ನು, ಹೇಗೆ ಕಲಿಸಬೇಕೆಂದು ನಾಲ್ವರೂ ಕೇಳಿದ್ದಾರೆ. ಮೊದಲ ಪತ್ರದ ಪ್ರಶ್ನೆಯೇ ಉಳಿದವುಗಳಿಗೂ ಬುಡವಾಗಿರುವುದರಿಂದ ಅದಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಪ್ರಶ್ನೆ: ನನ್ನ ಮಗಳು ಎರಡನೆಯ ತರಗತಿಯಲ್ಲಿದ್ದಾಳೆ. 23ಕ್ಕೆ 14 ಕೂಡಿಸು ಎಂದರೆ ತಡವರಿಸದೆ 37 ಎಂದು ಬರೆಯುವವಳು, 27ಕ್ಕೆ 18 ಕೂಡಿಸು ಎಂದರೆ 315 ಎಂದು ಬರೆಯುತ್ತಾಳೆ. “ಏಳು ಎಂಟು ಹದಿನೈದು, ಐದು ಬರೆದು ಕೈಯಲ್ಲಿ ಒಂದು ಇಟ್ಟುಕೋ” ಎಂದು ದಿನವೂ ಹೇಳಿಕೊಡುತ್ತೇನೆ. ಒಂದು ದಿನ ಸರಿಯಾಗಿ ಮಾಡುತ್ತಾಳೆ, ಮರುದಿನ ಮತ್ತೆ 315, ಇಲ್ಲವೇ 35. ಒಮ್ಮೆ 81 ಎಂದೂ ಬರೆದಿದ್ದಳು. ಗದರಿಸಿದರೆ ಅಳುತ್ತಾಳೆ. ಅವಳಿಗೆ ಗಮನ ಕಡಿಮೆಯೇ, ಅಥವಾ ನಾನು ಹೇಳಿಕೊಡುವ ರೀತಿಯಲ್ಲೇ ತಪ್ಪಿದೆಯೇ?
– ಗೃಹಿಣಿ, ನಾಪೋಕ್ಲು

ಉತ್ತರ: ನಿಮ್ಮ ಮಗಳ ಗಮನದಲ್ಲಿ ಯಾವ ಕೊರತೆಯೂ ಇಲ್ಲ. ಆ ಮೂರು ತಪ್ಪುಗಳನ್ನು ಒಂದೊಂದಾಗಿ ನೋಡಿದರೆ, ಪ್ರತಿ ಸಲವೂ ಅವಳು ತನಗೆ ತಿಳಿದಷ್ಟನ್ನು ಕಟ್ಟುನಿಟ್ಟಾಗಿ ಪಾಲಿಸಿದ್ದಾಳೆ ಎಂಬುದು ಗೊತ್ತಾಗುತ್ತದೆ. 315 ಎಂದು ಬರೆದಾಗ ಎರಡು ಮತ್ತು ಒಂದು ಮೂರು, ಏಳು ಮತ್ತು ಎಂಟು ಹದಿನೈದು ಎಂದು ಎರಡೂ ಕಡೆ ಸರಿಯಾಗಿಯೇ ಕೂಡಿಸಿದ್ದಾಳೆ. ಒಂದು ಸ್ಥಾನದಲ್ಲಿ ಒಂದೇ ಅಂಕಿ ಏಕೆ ನಿಲ್ಲಬೇಕು ಎಂಬುದನ್ನು ಮಾತ್ರ ಅವಳಿಗೆ ಯಾರೂ ತೋರಿಸಿಕೊಟ್ಟಿಲ್ಲ. 35 ಎಂದು ಬರೆದಾಗ ಕೈಯಲ್ಲಿಟ್ಟುಕೊಂಡದ್ದು ಕೈಯಲ್ಲೇ ಉಳಿದುಹೋಗಿದೆ. 81 ಬರೆದ ದಿನ ಹದಿನೈದರಲ್ಲಿ ಒಂದನ್ನು ಕೆಳಗಿಳಿಸಿ ಐದನ್ನು ಮೇಲಕ್ಕೆ ಒಯ್ದಿದ್ದಾಳೆ: ಐದು, ಎರಡು, ಒಂದು ಸೇರಿ ಎಂಟು. ಹದಿನೈದರ ಎರಡು ಅಂಕಿಗಳಲ್ಲಿ ಯಾವುದು ಉಳಿಯಬೇಕು, ಯಾವುದು ಹೋಗಬೇಕು ಎಂಬುದನ್ನು ಅವಳು ನೆನಪಿನ ಬಲದಿಂದ ಮಾಡುತ್ತಿದ್ದಾಳೆಯೇ ಹೊರತು ಅರ್ಥದ ಬಲದಿಂದಲ್ಲ. ಆದ್ದರಿಂದಲೇ ಒಂದು ದಿನ ಸರಿಬಂದದ್ದು ಮರುದಿನ ತಪ್ಪುತ್ತದೆ.

“ಕೈಯಲ್ಲಿ ಒಂದು” ಎಂದು ಹೇಳಿಯೇ ನಾವೆಲ್ಲ ಲೆಕ್ಕ ಕಲಿತೆವು. ಆದರೆ ಆ ಮಾತಿನಲ್ಲಿ ಹತ್ತು ಎಂಬ ಪದವೇ ಬರುವುದಿಲ್ಲ ಎಂಬುದನ್ನು ಗಮನಿಸಿ. ಶಿಕ್ಷಕಿಯಾದ ಮೊದಲ ವರ್ಷಗಳಲ್ಲಿ ನಾನೂ ಹೀಗೆಯೇ ಕಲಿಸಿದವಳು. ಕಪ್ಪು ಹಲಗೆಯ ಮೇಲಿನ ಲೆಕ್ಕಗಳನ್ನೆಲ್ಲ ತಪ್ಪಿಲ್ಲದೆ ಮಾಡುತ್ತಿದ್ದ ಹುಡುಗನೊಬ್ಬನಿಗೆ, “ನೀನು ಮೇಲೆ ಬರೆದಿರುವ ಪುಟ್ಟ ಒಂದು ಎಷ್ಟೋ ಅಷ್ಟು ಹುಣಸೆ ಬೀಜ ಎತ್ತಿಕೊಡು” ಎಂದೆ. ಅವನು ಒಂದೇ ಒಂದು ಬೀಜವನ್ನು ನನ್ನ ಅಂಗೈಗೆ ಹಾಕಿದ. ಉತ್ತರ ಸರಿಯಾಗಿದ್ದರೂ ತಿಳಿವಳಿಕೆ ಇಲ್ಲದಿರಬಹುದು ಎಂಬುದು ನನಗೆ ಮನವರಿಕೆಯಾದದ್ದು ಅಂದು. ನೀವು ಮೊದಲು ಮಾಡಬೇಕಾದದ್ದು ಇಷ್ಟೇ: “ಕೈಯಲ್ಲಿ ಒಂದು” ಎನ್ನುವುದನ್ನು ಬಿಟ್ಟು “ಒಂದು ಹತ್ತು” ಎನ್ನಿ. “ಏಳು ಎಂಟು ಹದಿನೈದು, ಹದಿನೈದು ಎಂದರೆ ಒಂದು ಹತ್ತು, ಐದು ಬಿಡಿ.”

ಆದರೆ ಮಾತನ್ನು ಬದಲಿಸಿದರೆ ಮಾತ್ರ ಸಾಲದು, ಆ ಹತ್ತನ್ನು ಅವಳು ತನ್ನ ಕೈಯಾರೆ ಕಟ್ಟಬೇಕು. ಕೆಲವು ದಿನ ಪುಸ್ತಕವನ್ನು ಪಕ್ಕಕ್ಕಿಡಿ. ಮೂವತ್ತು ಮೊಟ್ಟೆ ಹಿಡಿಯುವ ಟ್ರೇ ಒಂದಿದ್ದರೆ ಅದರಲ್ಲಿ ಐದು ಕುಳಿಗಳ ಆರು ಸಾಲುಗಳಿರುತ್ತವೆ; ಎರಡೆರಡು ಸಾಲಿಗೆ ಕತ್ತರಿಸಿದರೆ ಹತ್ತು ಕುಳಿಗಳ ಮೂರು ತುಂಡುಗಳು ಸಿಗುತ್ತವೆ. ಒಂದು ತುಂಡಿನಲ್ಲಿ ಎಂಟು ಕಾಫಿ ಬೀಜ, ಇನ್ನೊಂದರಲ್ಲಿ ಏಳು ಬೀಜ ಹಾಕಿಸಿ, “ಎಣಿಸದೆ ಹೇಳಬಹುದೇ?” ಎಂದು ಕೇಳಿ. ಖಾಲಿ ಉಳಿದ ಎರಡು ಕುಳಿಗಳು ಅವಳ ಕಣ್ಣಿಗೆ ಬೀಳುತ್ತವೆ; ಏಳರಿಂದ ಎರಡನ್ನು ತೆಗೆದು ಅಲ್ಲಿಗೆ ಹಾಕಿದರೆ ಒಂದು ತುಂಡು ತುಂಬಿ, ಇನ್ನೊಂದರಲ್ಲಿ ಐದು ಉಳಿಯುತ್ತವೆ. ಒಂಬತ್ತಕ್ಕೆ ಒಂದು, ಎಂಟಕ್ಕೆ ಎರಡು, ಏಳಕ್ಕೆ ಮೂರು, ಆರಕ್ಕೆ ನಾಲ್ಕು, ಐದಕ್ಕೆ ಐದು ಎಂಬ ಹತ್ತರ ಜೋಡಿಗಳು ಹೀಗೆ ಕಣ್ಣಿನ ಮೂಲಕ ಮನಸ್ಸಿಗಿಳಿದ ಮಗುವಿಗೆ ದಶಕ ಸಹಿತ ಸಂಕಲನದ ಅರ್ಧ ದಾರಿ ಕಳೆದಂತೆಯೇ. ಈ ಜೋಡಿಗಳು ಬಾರದೆ ಎರಡಂಕಿಯ ಲೆಕ್ಕಕ್ಕೆ ಹೋದ ಮಗು ಬೆರಳು ಎಣಿಸುವುದರಲ್ಲೇ ದಣಿಯುತ್ತದೆ. ಹತ್ತು ಎಲ್ಲಿ ಆಯಿತು, ಎಲ್ಲಿಗೆ ಹೋಯಿತು ಎಂದು ನೋಡುವಷ್ಟು ಗಮನ ಅದಕ್ಕೆ ಉಳಿಯುವುದಿಲ್ಲ.

ಅನಂತರ ಪೊರಕೆ ಕಡ್ಡಿಗಳನ್ನು ಒಂದೇ ಅಳತೆಗೆ ಮುರಿದು ನೂರರಷ್ಟು ಮಾಡಿಟ್ಟುಕೊಳ್ಳಿ, ಜೊತೆಗೆ ಒಂದು ಹಿಡಿ ರಬ್ಬರ್ ಬ್ಯಾಂಡ್. ನೆಲದ ಮೇಲೆ ಸೀಮೆಸುಣ್ಣದಿಂದ ಎರಡು ಮನೆ ಬರೆದು, ಬಲಗಡೆಯದಕ್ಕೆ ಬಿಡಿ, ಎಡಗಡೆಯದಕ್ಕೆ ಹತ್ತು ಎಂದು ಹೆಸರಿಡಿ. ಇಪ್ಪತ್ತೇಳನ್ನು ಎರಡು ಕಟ್ಟು ಮತ್ತು ಏಳು ಬಿಡಿ ಕಡ್ಡಿಯಾಗಿ, ಅದರ ಕೆಳಗೆ ಹದಿನೆಂಟನ್ನು ಒಂದು ಕಟ್ಟು ಮತ್ತು ಎಂಟು ಬಿಡಿ ಕಡ್ಡಿಯಾಗಿ ಇಡಿಸಿ, ಎಲ್ಲವನ್ನೂ ಒಟ್ಟು ಮಾಡಲು ಹೇಳಿ. ಬಿಡಿಗಳ ಮನೆಯಲ್ಲಿ ಹದಿನೈದು ಕಡ್ಡಿಗಳು ಕೂಡಿದಾಗ ನೀವು ಬಾಯಿ ಬಿಡಬೇಡಿ. ನಮ್ಮಂಥ ದೊಡ್ಡವರಿಗೆ ಇದೇ ಎಲ್ಲಕ್ಕಿಂತ ಕಷ್ಟದ ಕೆಲಸ. “ಈ ಮನೆಯಲ್ಲಿ ಒಂಬತ್ತಕ್ಕಿಂತ ಹೆಚ್ಚು ಕಡ್ಡಿ ಬಿಡಿಯಾಗಿ ಇರುವಂತಿಲ್ಲ” ಎಂಬ ಆಟದ ನಿಯಮವನ್ನು ಮಾತ್ರ ಮೊದಲೇ ಹೇಳಿರಿ. ಅವಳೇ ಹತ್ತನ್ನು ಎಣಿಸಿ, ಕಟ್ಟಿ, ಆ ಕಟ್ಟನ್ನು ಎಡಗಡೆಯ ಮನೆಗೆ ದಾಟಿಸುತ್ತಾಳೆ. ಅಲ್ಲಿ ಈಗ ನಾಲ್ಕು ಕಟ್ಟು, ಇಲ್ಲಿ ಐದು ಬಿಡಿ, ನಲವತ್ತೈದು. ದಾಟಿದ್ದು ಒಂದು ಕಟ್ಟು, ಆ ಕಟ್ಟಿನೊಳಗೆ ಹತ್ತು ಕಡ್ಡಿ ಎಂಬ ಎರಡು ಸಂಗತಿಗಳೂ ಒಟ್ಟಿಗೇ ಅವಳ ಕೈಯಲ್ಲಿರುತ್ತವೆ. ಪುಟ್ಟ ಒಂದರ ಅರ್ಥವೆಲ್ಲ ಇಲ್ಲಿಯೇ ಇದೆ.

ಆರಂಭದಲ್ಲಿ ಕಡ್ಡಿಯನ್ನೇ ಏಕೆ ಹಿಡಿಯಬೇಕು, ಹತ್ತು ರೂಪಾಯಿಯ ನೋಟು ಮತ್ತು ಒಂದು ರೂಪಾಯಿಯ ನಾಣ್ಯ ಸಾಲದೇ ಎಂದು ನೀವು ಕೇಳಬಹುದು. ಕಡ್ಡಿಯ ಕಟ್ಟನ್ನು ಬಿಚ್ಚಿದರೆ ಹತ್ತು ಕಡ್ಡಿ ಕಾಣುತ್ತದೆ, ನೋಟನ್ನು ಎಷ್ಟು ತಿರುಗಿಸಿದರೂ ಅದರೊಳಗೆ ಹತ್ತು ನಾಣ್ಯ ಕಾಣುವುದಿಲ್ಲ. ಅದು ದೊಡ್ಡವರು ಹೇಳಿದ್ದನ್ನು ನಂಬಿ ನಡೆಯುವ ವ್ಯವಹಾರ. ಕಟ್ಟುವುದು ಗಟ್ಟಿಯಾದ ಮೇಲೆ ನೋಟು ನಾಣ್ಯಕ್ಕೆ ಬನ್ನಿ. ಶುಕ್ರವಾರದ ಮಡಿಕೇರಿ ಸಂತೆಯಲ್ಲಿ ಕೊಂಡ ಸೊಪ್ಪು ತರಕಾರಿಯ ಲೆಕ್ಕ ಆಗ ಒಳ್ಳೆಯ ಪಾಠವಾಗುತ್ತದೆ.

ಕಡ್ಡಿಯಿಂದ ನೇರವಾಗಿ ಅಂಕಿಗೆ ಹಾರಬೇಡಿ. ಮಗು ಮೊದಲು ಕೈಯಿಂದ ಮಾಡಿ, ಬಳಿಕ ಚಿತ್ರದಲ್ಲಿ ಕಂಡು, ಕೊನೆಗೆ ಸಂಕೇತದಲ್ಲಿ ಗ್ರಹಿಸುತ್ತದೆ ಎಂಬ ಮೂರು ಬಗೆಯ ತಿಳಿವನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ಜೆರೋಮ್ ಬ್ರೂನರ್ 1960ರ ದಶಕದಲ್ಲಿ ವಿವರಿಸಿದರು. ನಡುವಿನ ಚಿತ್ರದ ಹಂತವನ್ನೇ ನಾವು ಹೆಚ್ಚಾಗಿ ಬಿಟ್ಟುಬಿಡುತ್ತೇವೆ. ಹತ್ತಕ್ಕೆ ಒಂದು ಉದ್ದ ಗೆರೆ, ಬಿಡಿಗೆ ಒಂದು ಚುಕ್ಕೆ ಎಂದಿಟ್ಟುಕೊಂಡು, ಹತ್ತು ಚುಕ್ಕೆಗಳ ಸುತ್ತ ಸುತ್ತುಗೆರೆ ಎಳೆದು ಅದನ್ನು ಒಂದು ಗೆರೆಯಾಗಿಸುವುದನ್ನು ಅವಳು ಕೆಲವು ದಿನ ಮಾಡಲಿ. ಬರವಣಿಗೆಗೆ ಬಂದಾಗಲೂ ಮೊದಲು 20 ಮತ್ತು 10 ಸೇರಿ 30, 7 ಮತ್ತು 8 ಸೇರಿ 15, 30 ಮತ್ತು 15 ಸೇರಿ 45 ಎಂದು ಬಿಡಿಸಿ ಬರೆಸಿ. ಒಂದರ ಕೆಳಗೊಂದು ಬರೆದು ಮೇಲೆ ಪುಟ್ಟ ಒಂದನ್ನು ಇಡುವ ಚಿಕ್ಕ ದಾರಿ ಎಲ್ಲಕ್ಕಿಂತ ಕೊನೆಗೆ ಬರಲಿ. ಆಗಲೂ ಚೌಕಗೆರೆಯ ಪುಸ್ತಕ ಕೊಟ್ಟರೆ ಒಳ್ಳೆಯದು. 45ಕ್ಕೆ 7 ಕೂಡಿಸುವಾಗ ಏಳನ್ನು ನಾಲ್ಕರ ಕೆಳಗೆ ಬರೆದು 115 ಎನ್ನುವ ತಪ್ಪು ಬಹಳ ಮಕ್ಕಳಲ್ಲಿ ಕಾಣುತ್ತದೆ, ಚೌಕಗಳು ಅದನ್ನು ತಡೆಯುತ್ತವೆ.

ಇನ್ನೊಂದು ಅಭ್ಯಾಸವನ್ನು ಇಂದಿನಿಂದಲೇ ಶುರುಮಾಡಿ. ಲೆಕ್ಕ ಮಾಡುವ ಮೊದಲೇ “ಉತ್ತರ ಸುಮಾರು ಎಷ್ಟಿರಬಹುದು?” ಎಂದು ಕೇಳಿ. 27 ಮೂವತ್ತಕ್ಕಿಂತ ಕಡಿಮೆ, 18 ಇಪ್ಪತ್ತಕ್ಕಿಂತ ಕಡಿಮೆ, ಹಾಗಾದರೆ ಎರಡೂ ಸೇರಿ ಐವತ್ತನ್ನು ದಾಟುವಂತಿಲ್ಲ ಎಂದು ಗೊತ್ತಿರುವ ಮಗು ತಾನು ಬರೆದ 315ನ್ನು ತಾನೇ ಅನುಮಾನದಿಂದ ನೋಡುತ್ತದೆ. ತಪ್ಪು ಎಂದು ನೀವು ಹೇಳುವುದಕ್ಕಿಂತ ಅವಳಿಗೇ ಅನುಮಾನ ಹುಟ್ಟುವುದು ಮೇಲು, ಅಳುವ ಸಂದರ್ಭವೂ ಅಲ್ಲಿ ಬರುವುದಿಲ್ಲ.

ಪ್ರಶ್ನೆ: ನಾನು ಎಪ್ಪತ್ತು ದಾಟಿದವನು. ಮೂರನೆಯ ತರಗತಿಯ ಮೊಮ್ಮಗ 46ಕ್ಕೆ 38 ಕೂಡಿಸುವಾಗ ನಲವತ್ತು ಮೂವತ್ತು ಎಪ್ಪತ್ತು, ಆರು ಎಂಟು ಹದಿನಾಲ್ಕು, ಒಟ್ಟು ಎಂಬತ್ತನಾಲ್ಕು ಎಂದು ಎಡದಿಂದ ಶುರುಮಾಡುತ್ತಾನೆ. ಬಲದಿಂದಲೇ ಕೂಡಿಸಬೇಕೆಂದು ನಮಗೆ ಕಲಿಸಿದ್ದರು. ಇದನ್ನು ತಿದ್ದಬೇಕಲ್ಲವೇ? ನಮ್ಮ ಕಾಲದಲ್ಲಿ ಬಾಯಿಪಾಠ ಮಾಡಿಸುತ್ತಿದ್ದರು, ಈಗ ಕಡ್ಡಿ, ಕಾರ್ಡು ಎಂದು ಹೊತ್ತು ಕಳೆಯುತ್ತಾರೆ ಎಂದೂ ನನಗನ್ನಿಸುತ್ತದೆ.
– ಕಾಫಿ ಬೆಳೆಗಾರ, ಪೊನ್ನಂಪೇಟೆ

ಉತ್ತರ: ಹಿರಿಯರಾದ ತಾವು ಇದನ್ನು ತಿದ್ದಬೇಕಾಗಿಲ್ಲ ಎಂದು ವಿನಯದಿಂದಲೇ ಹೇಳುತ್ತೇನೆ. ತಾವೇ ಮೆಣಸಿನ ಹಣವನ್ನು ಕಾಗದವಿಲ್ಲದೆ ಮನಸ್ಸಿನಲ್ಲಿ ಕೂಡಿಸುವಾಗ ಯಾವ ಕಡೆಯಿಂದ ಶುರುಮಾಡುತ್ತೀರಿ ಎಂದು ಒಮ್ಮೆ ಗಮನಿಸಿ. ಬಹುಪಾಲು ಜನ ದೊಡ್ಡ ಸ್ಥಾನದಿಂದಲೇ ಶುರುಮಾಡುತ್ತಾರೆ, ಏಕೆಂದರೆ ನಾವು ಸಂಖ್ಯೆಯನ್ನು ಹೇಳುವುದೂ ಹಾಗೆಯೇ. 12ನೆಯ ಶತಮಾನದ ಗಣಿತಜ್ಞ ಭಾಸ್ಕರಾಚಾರ್ಯರು ಲೀಲಾವತಿಯಲ್ಲಿ, ಅಂಕಿಗಳನ್ನು ಆಯಾ ಸ್ಥಾನಕ್ಕೆ ಅನುಸಾರವಾಗಿ ಕ್ರಮದಿಂದ ಕೂಡಿಸಬಹುದು, ಉತ್ಕ್ರಮದಿಂದಲೂ, ಅಂದರೆ ಹಿಮ್ಮುಖವಾಗಿಯೂ, ಕೂಡಿಸಬಹುದು ಎಂದು ಎರಡೂ ದಾರಿಗಳನ್ನು ಒಪ್ಪಿದ್ದಾರೆ. ಆ ಕಾಲದಲ್ಲಿ ಹಲಗೆಯ ಮೇಲೆ ಧೂಳು ಹರಡಿ ಬೆರಳಿನಿಂದಲೋ ಕಡ್ಡಿಯಿಂದಲೋ ಲೆಕ್ಕ ಬರೆಯುತ್ತಿದ್ದುದರಿಂದ, ಮೊದಲು ಬರೆದ ಏಳನ್ನು ಒರೆಸಿ ಎಂಟು ಮಾಡುವುದು ಸುಲಭವಾಗಿತ್ತು. ಕಾಗದದ ಮೇಲೆ ಹಾಗೆ ಒರೆಸಿದರೆ ಗಲೀಜಾಗುತ್ತದೆ. ಬಲದಿಂದ ಹೊರಟರೆ ಒಮ್ಮೆ ಬರೆದ ಅಂಕಿಯನ್ನು ಮತ್ತೆ ಮುಟ್ಟಬೇಕಾಗುವುದಿಲ್ಲ. ಬಲಗಡೆಯ ನಿಯಮಕ್ಕೆ ಇರುವುದು ಈ ಅನುಕೂಲವೇ ಹೊರತು ಬೇರೆ ಗಣಿತದ ಕಾರಣವಲ್ಲ. ನಿಮ್ಮ ಮೊಮ್ಮಗ ನಲವತ್ತನ್ನು ನಾಲ್ಕು ಎನ್ನದೆ ನಲವತ್ತು ಎಂದೇ ಹೇಳುತ್ತಿದ್ದಾನೆ. ಅವನಿಗೆ ಸ್ಥಾನಬೆಲೆ ಅರ್ಥವಾಗಿದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಗುರುತು ಬೇಕಿಲ್ಲ. ನೂರರ, ಸಾವಿರದ ಲೆಕ್ಕಗಳು ಬಂದಾಗ ಬಲದಿಂದ ಬರೆಯುವುದು ಏಕೆ ಹಗುರವೆಂದು ತೋರಿಸಿಕೊಡಿ, ಅವನು ತಾನಾಗಿ ಒಪ್ಪಿಕೊಳ್ಳುತ್ತಾನೆ.

ಬಾಯಿಪಾಠದ ವಿಷಯದಲ್ಲಿ ನಾನು ತಮ್ಮ ಮಾತನ್ನು ಅರ್ಧದಷ್ಟು ಒಪ್ಪುತ್ತೇನೆ. ಒಂದಂಕಿಯ ಕೂಡುವಿಕೆ, ಅಂದರೆ ಒಂಬತ್ತಕ್ಕೆ ಒಂಬತ್ತು ಹದಿನೆಂಟರವರೆಗಿನ ಮೊತ್ತಗಳು, ಮೂರನೆಯ ತರಗತಿ ಮುಗಿಯುವಷ್ಟರಲ್ಲಿ ಬೆರಳಿನ ಸಹಾಯವಿಲ್ಲದೆ ಬರಲೇಬೇಕು, ಅದಕ್ಕೆ ದಿನವೂ ಹೇಳಿಸುವುದು ಅಗತ್ಯ. ಆದರೆ ಕಡ್ಡಿ ಕಟ್ಟಿ ಹತ್ತನ್ನು ಕಂಡ ಮಗುವಿಗೆ ಬಾಯಿಪಾಠ ಬೇಗ ಹತ್ತುತ್ತದೆ, ಮರೆತರೂ ಮತ್ತೆ ಹುಡುಕಿಕೊಳ್ಳುವ ದಾರಿ ಅದಕ್ಕೆ ಗೊತ್ತಿರುತ್ತದೆ. ಎಂಟಕ್ಕೆ ಏಳು ಮರೆತುಹೋದರೆ, ಎಂಟಕ್ಕೆ ಎರಡು ಹತ್ತು, ಉಳಿದದ್ದು ಐದು ಎಂದು ಅದು ಕಟ್ಟಿಕೊಳ್ಳಬಲ್ಲದು.

ಪ್ರಶ್ನೆ: ನನ್ನದು ನಲಿಕಲಿ ತರಗತಿ, ಅಂದರೆ ಒಂದರಿಂದ ಮೂರನೆಯ ತರಗತಿಯ ಮಕ್ಕಳು ಒಟ್ಟಿಗೆ ಕುಳಿತು ಕಲಿಯುವ ತರಗತಿ. ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು ಆಡುವ ಮಕ್ಕಳ ಜೊತೆಗೆ, ತೋಟದ ಲೈನ್ ಮನೆಗಳಿಗೆ ಅಸ್ಸಾಂ, ಜಾರ್ಖಂಡ್ ಕಡೆಯಿಂದ ಬಂದವರ ಮಕ್ಕಳೂ ಇದ್ದಾರೆ. ಕೆಲವರು ಕಾಫಿ ಕೊಯ್ಲಿನ ಸಮಯಕ್ಕೆ ಬಂದು ಕೊಯ್ಲು ಮುಗಿದ ಮೇಲೆ ಹೋಗಿಬಿಡುತ್ತಾರೆ. ಮಳೆಗಾಲದಲ್ಲಿ ರಜೆಯ ಮೇಲೆ ರಜೆ. ದಶಕ ಸಹಿತ ಸಂಕಲನ ಇಂಥ ತರಗತಿಯಲ್ಲಿ ನಿಲ್ಲುವುದೇ ಇಲ್ಲ. ಏನು ಮಾಡಲಿ?
– ಶಿಕ್ಷಕಿ, ಸಿದ್ದಾಪುರ ಸಮೀಪ

ಉತ್ತರ: ನಲಿಕಲಿಯ ಏಣಿ, ಅಂದರೆ ಪ್ರತಿ ಮಗುವೂ ತನ್ನದೇ ವೇಗದಲ್ಲಿ ಹತ್ತುವ ಕಲಿಕೆಯ ಮೆಟ್ಟಿಲುಗಳ ಸಾಲು, ಇಂಥ ತರಗತಿಗೇ ಹೊಂದುವಂಥದ್ದು. 1995ರಲ್ಲಿ ನಿಮ್ಮ ನೆರೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಅದು ಆರಂಭವಾದಾಗಲೇ, ಬಿಟ್ಟುಹೋದ ಮಗು ಮರಳಿ ಬಂದಾಗ ತಾನು ನಿಂತ ಮೆಟ್ಟಿಲಿನಿಂದಲೇ ಮುಂದುವರಿಯಬೇಕು ಎಂಬುದು ಅದರ ತಿರುಳಾಗಿತ್ತು. ಮಳೆ ರಜೆ ಮುಗಿದು ಬಂದ ಮಗುವನ್ನು ಇಡೀ ತರಗತಿಯ ಜೊತೆಗೆ ಎಳೆಯುವ ಬದಲು, ಎರಡು ಪ್ರಶ್ನೆಗಳಿಂದ ಅದರ ಮೆಟ್ಟಿಲನ್ನು ಗುರುತಿಸಿಕೊಳ್ಳಿ: “ಹತ್ತಾಗಲು ಏಳಕ್ಕೆ ಎಷ್ಟು ಬೇಕು?”, “ಮೂವತ್ತನಾಲ್ಕರಲ್ಲಿ ಎಷ್ಟು ಕಟ್ಟು?” ಮೊದಲನೆಯದಕ್ಕೆ ತಡವರಿಸಿದರೆ ಮೊಟ್ಟೆ ಟ್ರೇಗೆ, ಎರಡನೆಯದಕ್ಕೆ ತಡವರಿಸಿದರೆ ಕಡ್ಡಿಗೆ ಕಳುಹಿಸಿ.

ಭಾಷೆಯ ವಿಷಯದಲ್ಲಿ ನೀವು ತೊಡಕು ಎಂದು ಭಾವಿಸಿರುವುದರಲ್ಲಿ ಒಂದು ದೊಡ್ಡ ಅನುಕೂಲವೂ ಅಡಗಿದೆ. ಕನ್ನಡದ ಸಂಖ್ಯಾಪದಗಳು ಸ್ಥಾನಬೆಲೆಯನ್ನು ತಮ್ಮೊಳಗೇ ಇಟ್ಟುಕೊಂಡಿವೆ: ಇಪ್ಪತ್ತು ಎಂದರೆ ಎರಡು ಪತ್ತು, ಎಪ್ಪತ್ತು ಎಂದರೆ ಏಳು ಪತ್ತು, ಮೂವತ್ತು, ಐವತ್ತು, ಎಂಬತ್ತುಗಳಲ್ಲಿ ಅದೇ ಪತ್ತು ವತ್ತು, ಬತ್ತು ಎಂದು ಮೃದುವಾಗಿದೆ. ಆದರೆ ಹಳಗನ್ನಡದ ಪತ್ತು ಇಂದಿನ ಕನ್ನಡದಲ್ಲಿ ಹತ್ತು ಆಗಿರುವುದರಿಂದ, ಕನ್ನಡದ ಮಗುವಿಗೆ ಇಪ್ಪತ್ತಿನೊಳಗಿನ ಹತ್ತು ಕಿವಿಗೆ ಬೀಳುವುದಿಲ್ಲ. ಕೊಡವ ತಕ್ಕ್, ಮಲಯಾಳ, ತುಳು ಮೂರರಲ್ಲಿಯೂ ಹತ್ತು ಎಂದರೆ ಇಂದಿಗೂ ಪತ್ತ್. ಆ ಮನೆಗಳಿಂದ ಬಂದ ಮಗುವನ್ನು ಎದ್ದು ನಿಲ್ಲಿಸಿ, “ನಿಮ್ಮ ಮನೆಯಲ್ಲಿ ಹತ್ತಕ್ಕೆ ಏನೆನ್ನುತ್ತೀರಿ? ಇಪ್ಪತ್ತರಲ್ಲಿ ಆ ಮಾತು ಕೇಳಿಸುತ್ತದೆಯೇ?” ಎಂದು ಕೇಳಿ. ಇಡೀ ತರಗತಿಗೆ ಪಾಠ ಮಾಡುವ ಅವಕಾಶ ಅಂದು ಆ ಮಗುವಿಗೆ ಸಿಗುತ್ತದೆ. ನನಗೆ ಈ ವಿಷಯ ಹೊಳೆದದ್ದು ಬಹಳ ತಡವಾಗಿ. ಮೊದಲೇ ಹೊಳೆದಿದ್ದರೆ ಎಷ್ಟೋ ಮಕ್ಕಳ ಮನೆಮಾತನ್ನು ತರಗತಿಯ ಹೊರಗೆ ನಿಲ್ಲಿಸುತ್ತಿರಲಿಲ್ಲ.

ಹಿಂದಿ, ಬಂಗಾಳಿ, ಅಸ್ಸಾಮಿ ಆಡುವ ಮಕ್ಕಳ ಕಷ್ಟ ಬೇರೆ ಬಗೆಯದು. ಆ ಭಾಷೆಗಳಲ್ಲಿ ನೂರರವರೆಗಿನ ಒಂದೊಂದು ಸಂಖ್ಯೆಗೂ ಹೆಚ್ಚುಕಡಿಮೆ ಒಂದೊಂದು ಪ್ರತ್ಯೇಕ ರೂಪವಿದೆ. ಹಿಂದಿಯ ಉನ್‌ತೀಸ್ ಎಂದರೆ ಇಪ್ಪತ್ತೊಂಬತ್ತು, ಆದರೆ ಅದರಲ್ಲಿ ಕೇಳಿಸುವುದು ಮೂವತ್ತರ ತೀಸ್. ಇಂಗ್ಲಿಷಿನಲ್ಲಿ ಫೋರ್ಟೀನ್ ಎನ್ನುವಾಗ ನಾಲ್ಕು ಮೊದಲು ಬರುವುದರಿಂದ 14ನ್ನು 41 ಎಂದು ಬರೆಯುವ ಮಕ್ಕಳನ್ನು ನೀವೂ ಕಂಡಿರುತ್ತೀರಿ. ಈ ಮಕ್ಕಳು ಕಡ್ಡಿಯನ್ನು ತಮ್ಮ ಮಾತಿನಲ್ಲಿಯೇ ಎಣಿಸಲಿ, ಕಟ್ಟಿದ ಬಳಿಕ “ಎರಡು ಹತ್ತು, ಒಂಬತ್ತು” ಎಂದು ಕನ್ನಡದಲ್ಲಿ ಬಿಡಿಸಿ ಹೇಳಲಿ. ಎರಡು ಹತ್ತು ಒಂಬತ್ತು ಎನ್ನುವುದು ರೂಢಿಯ ಕನ್ನಡವಲ್ಲದಿದ್ದರೂ ತೊಂದರೆಯಿಲ್ಲ, ಕೆಲವು ವಾರಗಳಲ್ಲಿ ಅದು ಇಪ್ಪತ್ತೊಂಬತ್ತಾಗಿ ಕೂಡಿಕೊಳ್ಳುತ್ತದೆ.

ರಜೆಯ ದಿನಗಳಿಗಾಗಿ ಮನೆಗೆ ಒಂದು ಆಟವನ್ನು ಕಳುಹಿಸಿ. ಎರಡು ದಾಳಗಳನ್ನು ಉರುಳಿಸಿ ಬಿದ್ದಷ್ಟು ಕಡ್ಡಿ ಎತ್ತಿಕೊಳ್ಳುವುದು, ಹತ್ತಾದ ಕೂಡಲೇ ಕಟ್ಟುವುದು, ಹತ್ತು ಕಟ್ಟುಗಳಾದಾಗ ಎಲ್ಲವನ್ನೂ ಸೇರಿಸಿ ಒಂದು ದೊಡ್ಡ ಕಟ್ಟು ಮಾಡುವುದು. ದೊಡ್ಡ ಕಟ್ಟನ್ನು ಮೊದಲು ಮಾಡಿದವರು ಗೆದ್ದಂತೆ. ಅಕ್ಷರ ಬಾರದ ತಂದೆ ತಾಯಿಯೂ ಮಕ್ಕಳೊಡನೆ ಕುಳಿತು ಆಡಬಹುದಾದ ಆಟವಿದು, ನೂರು ಹೇಗೆ ಹುಟ್ಟುತ್ತದೆ ಎಂಬುದನ್ನೂ ಕಲಿಸಿಬಿಡುತ್ತದೆ. ಮುಂದೆ 278ಕ್ಕೆ 145 ಕೂಡಿಸುವಾಗ ಬಿಡಿಯಿಂದ ಹತ್ತಕ್ಕೆ, ಹತ್ತರಿಂದ ನೂರಕ್ಕೆ ಎರಡು ಸಲ ದಾಟಿಸಬೇಕಾಗುತ್ತದೆ; ದೊಡ್ಡ ಕಟ್ಟನ್ನು ಕಟ್ಟಿದ ಮಗುವಿಗೆ ಅದು ಹೊಸ ಪಾಠವೆನಿಸುವುದಿಲ್ಲ.

ಪ್ರಶ್ನೆ: ಏಳು ವರ್ಷದ ಮಗನನ್ನು ಅಬಾಕಸ್ ತರಗತಿಗೆ ಸೇರಿಸಿದರೆ ಈ ತೊಂದರೆ ನೀಗುತ್ತದೆಯೇ? ದಿನಕ್ಕೆ ಎಷ್ಟು ಲೆಕ್ಕ ಮಾಡಿಸಬೇಕು? ಕಳೆಯುವ ಲೆಕ್ಕವನ್ನು ಯಾವಾಗ ಶುರುಮಾಡಬೇಕು?
– ಸರ್ಕಾರಿ ನೌಕರ, ಕುಶಾಲನಗರ

ಉತ್ತರ: ಅಂಥ ತರಗತಿಗಳಲ್ಲಿ ಬಳಸುವುದು ಸಾಮಾನ್ಯವಾಗಿ ಜಪಾನಿನ ಸೊರೊಬಾನ್ ಮಾದರಿಯದು, ಪ್ರತಿ ಕಂಬಿಯಲ್ಲಿ ಐದರ ಬೆಲೆಯ ಒಂದು ಮಣಿ, ಒಂದರ ಬೆಲೆಯ ನಾಲ್ಕು ಮಣಿ ಇರುತ್ತವೆ. ಅದರಿಂದ ವೇಗ ಬರುತ್ತದೆ, ಹತ್ತರ ಜೋಡಿಗಳೂ ಗಟ್ಟಿಯಾಗುತ್ತವೆ. ಆದರೆ ಹತ್ತರ ಕಂಬಿಯ ಮಣಿಯೂ ಬಿಡಿಯ ಕಂಬಿಯ ಮಣಿಯೂ ನೋಡಲು ಒಂದೇ. ಅದು ಹತ್ತು ಏಕೆ ಎಂಬುದನ್ನು ಮಣಿ ತಾನಾಗಿ ಹೇಳಲಾರದು. ಶಾಲೆಯ ಮಣಿ ಚೌಕಟ್ಟಿಗೂ ಇದೇ ಮಾತು ಸಲ್ಲುತ್ತದೆ. ಕಡ್ಡಿಯ ಕಟ್ಟು ಚೆನ್ನಾಗಿ ಅರ್ಥವಾದ ಮೇಲೆ ಸೇರಿಸುವುದಾದರೆ ನನ್ನ ಆಕ್ಷೇಪವಿಲ್ಲ, ಅದಕ್ಕೆ ಮೊದಲು ಬೇಡ.

ದಿನಕ್ಕೆ ನಾಲ್ಕೈದು ಲೆಕ್ಕ ಸಾಕು, ಅವುಗಳಲ್ಲಿ ಒಂದೆರಡು ಹತ್ತು ದಾಟದ ಲೆಕ್ಕಗಳಾಗಿರಲಿ. ಎಲ್ಲವೂ ಒಂದೇ ಬಗೆಯವಾದರೆ ಮಗು ನೋಡದೆಯೇ ಮೇಲೆ ಪುಟ್ಟ ಒಂದನ್ನು ಬರೆಯುತ್ತಾ ಹೋಗುತ್ತದೆ. 42ಕ್ಕೆ 35 ಕೂಡಿಸಿ 87 ಎಂದು ಬರೆದಿದ್ದರೆ ಹೀಗಾಗಿದೆ ಎಂದು ತಿಳಿಯಿರಿ. 36ಕ್ಕೆ 24ರಂತೆ ಬಿಡಿಗಳು ಸರಿಯಾಗಿ ಹತ್ತಾಗುವ ಲೆಕ್ಕವನ್ನೂ ಆಗಾಗ ಕೊಡಿ. ಬಿಡಿಯ ಮನೆ ಪೂರ್ತಿ ಖಾಲಿಯಾದಾಗ ಅಲ್ಲಿ ಸೊನ್ನೆ ಏಕೆ ಬರೆಯಬೇಕು ಎಂಬ ಪ್ರಶ್ನೆಯನ್ನು ಮಗು ತಾನೇ ಎತ್ತುತ್ತದೆ.

ಕಳೆಯುವ ಲೆಕ್ಕಕ್ಕೆ ಬಹಳ ಕಾಯಬೇಕಾಗಿಲ್ಲ. ಇಪ್ಪತ್ತೇಳಕ್ಕೆ ಹದಿನೆಂಟನ್ನು ಕೂಡಿಸಿ ನಲವತ್ತೈದು ಮಾಡಿದ ಮಗುವಿಗೆ, ಅದೇ ಕಡ್ಡಿಗಳಿಂದ ಆ ಹದಿನೆಂಟನ್ನು ಹಿಂದಕ್ಕೆ ಕೊಡಲು ಹೇಳಿ. ಬಿಡಿಗಳ ಮನೆಯಲ್ಲಿ ಐದೇ ಕಡ್ಡಿ ಇರುವಾಗ ಎಂಟನ್ನು ಕೊಡುವುದು ಹೇಗೆಂದು ಅದು ಸ್ವಲ್ಪ ಹೊತ್ತು ಯೋಚಿಸಲಿ; ಹತ್ತರ ಮನೆಯಿಂದ ಒಂದು ಕಟ್ಟನ್ನು ಈಚೆಗೆ ತಂದು, ತಾನು ಕಟ್ಟಿದ್ದ ರಬ್ಬರ್ ಬ್ಯಾಂಡನ್ನು ತಾನೇ ಬಿಚ್ಚುವವರೆಗೆ ನೀವು ಸುಮ್ಮನೆ ಪಕ್ಕದಲ್ಲಿ ಕುಳಿತಿರಿ.